ರಾಡ್ ಸೀಲ್ ಪದೇಪದೇ ಲೀಕ್ ಆಗ್ತಿದೆ: ಫ್ಲೋಟಿಂಗ್ ಜಾಯಿಂಟ್ ಹಾಕಿದರೆ ಸಾಕಾ?

ಸ್ಲೈಡ್63

ಮೊದಲು ಯಂತ್ರದ ವಿವರ ಕೊಡ್ತೀನಿ. ಐಎಸ್‌ಒ 15552 ನ್ಯೂಮ್ಯಾಟಿಕ್ (ಗಾಳಿಯಿಂದ ಓಡೋ) ಸಿಲಿಂಡರ್, ಬೋರ್ (ಒಳವ್ಯಾಸ) 63 ಮಿಮೀ, ಸ್ಟ್ರೋಕ್ (ರಾಡ್ ಓಡೋ ಉದ್ದ) 300 ಮಿಮೀ, ಎರಡೂ ತುದಿಯಲ್ಲಿ ಫೂಟ್ ಮೌಂಟಿಂಗ್. ಎರಡು ಎಲ್‌ಎಂ ರೈಲ್ (ನೇರ ದಾರಿ ಹಿಡಿಸೋ ಬೇರಿಂಗ್ ಹಳಿ) ಮೇಲೆ ಓಡೋ ಸ್ಲೈಡನ್ನು ತಳ್ಳಿ ಎಳೆಯೋ ಕೆಲಸ. ಸ್ಲೈಡ್‌ನ ತೂಕ ಸುಮಾರು 20 ಕೆಜಿ, ಅಡ್ಡಲಾಗಿ ಓಡುತ್ತೆ, ಗಾಳಿ 6 ಬಾರ್. ರಾಡ್‌ನ ಎಂ16 ಥ್ರೆಡ್ಡು ಸ್ಲೈಡ್‌ನ 20 ಮಿಮೀ ಪ್ಲೇಟ್‌ಗೆ ನೇರವಾಗಿ ಕೂತಿದೆ, ಹಿಂದೆ ಅದು ಸಡಿಲವಾಗದ ಹಾಗೆ ಒಂದು ಚೆಕ್‌ನಟ್.

ರಾಡ್ ಸೀಲ್ ಎರಡು ತಿಂಗಳಿಗೊಮ್ಮೆ ಹೋಗುತ್ತೆ, ಈಗ ಹಾಕಿರೋದು ಮೂರನೇ ಕಿಟ್. ಸ್ಲೈಡ್ ಹಿಂದಿನ ತುದಿಯಿಂದ ಹೊರಡುವಾಗ ಒಂದು ಕ್ಷಣ ನಿಂತು ಆಮೇಲೆ ಜಿಗಿದು ಹೋಗುತ್ತೆ. ರಾಡ್ ಮತ್ತು ಸ್ಲೈಡ್ ನಡುವೆ ಫ್ಲೋಟಿಂಗ್ ಜಾಯಿಂಟ್ (ಸ್ವಲ್ಪ ಓಲಿ, ಅಡ್ಡಕ್ಕೆ ಜಾರೋ ಕೊಂಡಿ) ಹಾಕಿದರೆ ಸರಿಹೋಗುತ್ತಾ? ಯಾವ ಸೈಜ್ ತರಬೇಕು?

---

ಬುಷ್_ಬದಿ

ಜಾಯಿಂಟ್ ತರೋಕೆ ಮುಂಚೆ ಹಳೇ ಸೀಲ್, ಹಳೇ ಬುಷ್ (ರಾಡ್ ಜಾರೋ ಬಳೆ), ರಾಡ್ ಈ ಮೂರನ್ನೂ ಬೆಳಕಿನಲ್ಲಿ ಹಿಡಿದು ನೋಡಿ. ಸೀಲ್‌ನ ತುಟಿ ಸುತ್ತಲೂ ಒಂದೇ ಸಮ ಸವೆದಿದ್ದರೆ ತೊಂದರೆ ಧೂಳಿನದೋ ಗಾಳಿಯಲ್ಲಿರೋ ನೀರಿನದೋ ಇರಬಹುದು. ಒಂದೇ ಮಗ್ಗುಲು ತೆಳುವಾಗಿದ್ದು ಉಳಿದದ್ದು ಹೊಸದರ ಹಾಗೇ ಇದ್ದರೆ ರಾಡ್ ಅಡ್ಡಕ್ಕೆ ಒತ್ತುತ್ತಿದೆ ಅಂತ. ರಾಡ್ ಮೇಲೂ ಅದೇ ಮಗ್ಗುಲಲ್ಲಿ ಉದ್ದುದ್ದ ಹೊಳೆಯೋ ಪಟ್ಟೆ ಕಾಣಬೇಕು. ಉಗುರು ಆಡಿಸಿದಾಗ ಗೀರು ಸಿಕ್ಕರೆ ಆ ರಾಡ್ ಹೊಸ ಸೀಲನ್ನೂ ಕತ್ತರಿಸುತ್ತೆ, ಅದನ್ನು ಬದಲಿಸಲೇಬೇಕು.

ಮೂರು ಕಿಟ್ ಖರ್ಚಾದದ್ದಕ್ಕೆ ಕಾರಣ ಬಹುಶಃ ಇದು: ಸೀಲ್ ಕಿಟ್‌ನಲ್ಲಿ ಬಹುತೇಕ ಸಲ ರಾಡ್ ಬುಷ್ ಇರೋದಿಲ್ಲ. ಮುಂದಿನ ಕ್ಯಾಪ್‌ಗೆ ಪ್ರೆಸ್ ಮಾಡಿದ ಬುಷ್ ಮೊದಲ ಸಲವೇ ಮೊಟ್ಟೆ ಆಕಾರಕ್ಕೆ ಸವೆದಿರುತ್ತೆ. ಅದನ್ನು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ರಾಡ್‌ನ ಭಾರವನ್ನು ಸೀಲೇ ಹೊರಬೇಕಾಗುತ್ತೆ. ಸೀಲ್ ಇರೋದು ಗಾಳಿ ತಡೆಯೋಕೆ, ರಾಡ್ ಹೊರೋಕಲ್ಲ.

ಇಲ್ಲಿ ಮೂಲ ತೊಂದರೆ ಜೋಡಣೆಯದು. ಸ್ಲೈಡ್‌ಗೆ ದಾರಿ ತೋರಿಸೋದು ಎಲ್‌ಎಂ ರೈಲ್, ರಾಡ್‌ಗೆ ದಾರಿ ತೋರಿಸೋದು ಬುಷ್. ಎರಡೂ ಬಿಗಿ. ಎರಡನ್ನೂ ಥ್ರೆಡ್ ಹಾಕಿ ಒಂದು ಮಾಡಿದರೆ ಜಗಳ ಶುರು. ಆ ಜಗಳದಲ್ಲಿ ರೈಲ್ ಸೋಲೋದಿಲ್ಲ.

---

ಲೆಕ್ಕದ_ಪುಸ್ತಕ

ಎಷ್ಟು ಬಲ ಅಂತ ಒಂದು ಅಂದಾಜು. 63 ಬೋರ್‌ಗೆ ರಾಡ್ 20 ಮಿಮೀ. ಸೆಂಟರ್ 0.3 ಮಿಮೀ ಔಟ್ ಇದೆ, ಅಂದರೆ ರಾಡ್‌ನ ನಡುವೂ ಪ್ಲೇಟ್ ತೂತಿನ ನಡುವೂ ಅಷ್ಟು ತಪ್ಪಿದೆ ಅಂದುಕೊಳ್ಳಿ. ರಾಡ್ ಒಳಗೆ ಹೋದಾಗ ಬುಷ್‌ನಿಂದ ಪ್ಲೇಟ್‌ಗೆ 60 ಮಿಮೀ ಉಳಿಯುತ್ತೆ ಅಂತಿಟ್ಟುಕೊಂಡು, ಒಂದು ತುದಿ ಬಿಗಿದ ಸರಳಿನ ಲೆಕ್ಕ ಹಾಕಿದರೆ ಆ 0.3 ಮಿಮೀ ಬಗ್ಗಿಸೋಕೆ 6,700 ನ್ಯೂಟನ್ ಬೇಕು. ಸಿಲಿಂಡರ್ 6 ಬಾರ್‌ನಲ್ಲಿ ತಳ್ಳೋದೇ 1,870 ನ್ಯೂಟನ್.

---

ಮೈಕ್ರಾನ್_ಮಾತು

ಲೆಕ್ಕದ_ಪುಸ್ತಕ ಅವರೇ, ಆ ಅಂಕಿ ಜಾಸ್ತಿಯಾಯ್ತು. ಬುಷ್ ಹತ್ತಿರ ರಾಡ್ ಗೋಡೆಗೆ ಬೆಸೆದ ಹಾಗೆ ಇಲ್ಲ. ಅದಕ್ಕೆ ಆಸರೆ ಎರಡು ಕಡೆ, ಮುಂದೆ ಬುಷ್, ಹಿಂದೆ ಪಿಸ್ಟನ್. ನಡುವಿನ ಉದ್ದವೂ ಬಾಗುತ್ತೆ.

ರಾಡ್ ಒಳಗಿದ್ದಾಗ ಪಿಸ್ಟನ್‌ನಿಂದ ಬುಷ್‌ಗೆ ಸುಮಾರು 300, ಬುಷ್‌ನಿಂದ ಪ್ಲೇಟ್‌ಗೆ 60. ಹೀಗೆ ಹಾಕಿದರೆ ಅದೇ 0.3 ಮಿಮೀಗೆ ತುದಿಯಲ್ಲಿ ಸುಮಾರು 1,120 ನ್ಯೂಟನ್, ಬುಷ್ ಮೇಲೆ 1,340. ರಾಡ್ ಪೂರ್ತಿ ಹೊರಗೆ ಬಂದಾಗ ಪಿಸ್ಟನ್ ಬುಷ್ ಹತ್ತಿರಕ್ಕೆ ಬಂದಿರುತ್ತೆ, ನಡುವೆ ಸುಮಾರು 50, ಹೊರಗೆ 360. ಆಗ ತುದಿಯಲ್ಲಿ ಬರೀ 27 ನ್ಯೂಟನ್, ಬುಷ್ ಮೇಲೆ 225. ಬುಷ್‌ನ ಪ್ಲೇ (ಸಡಿಲ), ಫೂಟ್ ಬ್ರಾಕೆಟ್‌ನ ಸ್ಪ್ರಿಂಗು ಇವು ಇನ್ನೂ ಸ್ವಲ್ಪ ನುಂಗುತ್ತವೆ. ಪ್ಲೇಟ್‌ಗೆ ರಾಡ್ ಬಿಗಿಯಾಗಿ ಕೂತಿರೋದರಿಂದ ಮತ್ತೆ ಸ್ವಲ್ಪ ಏರುತ್ತೆ. ಆದ್ದರಿಂದ ಅಂಕಿಗಿಂತ ಅದರ ಸ್ವಭಾವ ನೋಡಿ: ಅದೇ 0.3 ಮಿಮೀ ದೋಷ ರಾಡ್ ಒಳಗಿದ್ದಾಗ ತುದಿಯಲ್ಲಿ ನಲವತ್ತು ಪಟ್ಟು, ಬುಷ್ ಮೇಲೆ ಆರು ಪಟ್ಟು ಜೋರಾಗಿ ಕಚ್ಚುತ್ತೆ.

ಸ್ಲೈಡ್63 ಹೇಳಿದ ಲಕ್ಷಣ ಅದೇ ತಾನೆ? ಹಿಂದಿನ ತುದಿಯಲ್ಲಿ ಅಂಟಿಕೊಂಡು, ಬಿಡಿಸಿಕೊಂಡ ಮೇಲೆ ಜಿಗಿಯೋದು. ಇದು ಸೆಂಟರ್ ಔಟ್‌ನ ಗುರುತು. ಸಿಲಿಂಡರ್ ಓರೆಯಾಗಿದ್ದರೆ ಕಥೆ ಬೇರೆ. 0.2 ಡಿಗ್ರಿ ಓರೆ ಅಂದರೆ 300 ಮಿಮೀ ಓಟದಲ್ಲಿ 1 ಮಿಮೀ ತಪ್ಪುತ್ತೆ. ಜೋಡಿಸುವಾಗ ಯಾವ ತುದಿಯಲ್ಲಿ ಹೊಂದಿಸಿದ್ದರೋ ಅದರ ಎದುರು ತುದಿಯಲ್ಲಿ ಬಿಗಿ ಕಾಣಿಸುತ್ತೆ.

---

ಲೆಕ್ಕದ_ಪುಸ್ತಕ

ಸರಿ, ಪಿಸ್ಟನ್ ಆಸರೆ ಬಿಟ್ಟುಬಿಟ್ಟಿದ್ದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

---

ಗಾಳಿಗಂಟು

ಊಹೆ ಬೇಡ, ರೆಗ್ಯುಲೇಟರ್ ಇದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಗೇಜ್ ಮಾತ್ರ 0ರಿಂದ 4 ಬಾರ್‌ನದು ಹಾಕಿ. 10 ಬಾರ್ ಗೇಜ್‌ನಲ್ಲಿ ಈ ಸಣ್ಣ ಅಂಕಿಗಳನ್ನು ಓದೋಕಾಗಲ್ಲ.

ರಾಡನ್ನು ಪ್ಲೇಟ್‌ನಿಂದ ಬಿಡಿಸಿ. ಸ್ಲೈಡನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಇಡೀ ಉದ್ದಕ್ಕೂ ಎಷ್ಟು ಕೆಜಿ ಬೇಕು ಬರೆದಿಡಿ. ಎಲ್ಲೋ ಒಂದು ಕಡೆ ಏರಿದರೆ ತಪ್ಪು ರೈಲ್‌ನದೇ, ಸಿಲಿಂಡರ್ ಬಯ್ಯಬೇಡಿ. ಆಮೇಲೆ ಬಿಡಿ ಸಿಲಿಂಡರ್‌ಗೆ ಒತ್ತಡ ಸೊನ್ನೆಯಿಂದ ನಿಧಾನಕ್ಕೆ ಏರಿಸಿ ಎಷ್ಟಕ್ಕೆ ಹೊರಡುತ್ತೆ ನೋಡಿ. ಕೊನೆಗೆ ಜೋಡಿಸಿ, ಒಳತುದಿ, ನಡು, ಹೊರತುದಿ ಮೂರು ಕಡೆಯಿಂದಲೂ ಹೊರಡೋ ಒತ್ತಡ ಓದಿ. ಫ್ಲೋ ಕಂಟ್ರೋಲ್ ಪೂರ್ತಿ ತೆರೆದಿರಲಿ.

ಕೈ ಹಾಕೋ ಮುಂಚೆ ಗಾಳಿ ಬಿಡಿ. 5/3 ಕ್ಲೋಸ್ಡ್ ಸೆಂಟರ್ ವಾಲ್ವ್ (ನಡು ಸ್ಥಾನದಲ್ಲಿ ಎಲ್ಲಾ ದಾರಿ ಮುಚ್ಚೋದು) ಇದ್ದರೆ ಮೇನ್ ಬಂದ್ ಮಾಡಿದರೂ ಸಿಲಿಂಡರ್ ಒಳಗೆ ಗಾಳಿ ಸಿಕ್ಕಿಕೊಂಡೇ ಇರುತ್ತೆ, ಎರಡೂ ಟ್ಯೂಬ್ ಬಿಚ್ಚಲೇಬೇಕು. ಸ್ಲೈಡ್ ಲಂಬವಾಗಿದ್ದರೆ ಮೊದಲು ಅದರ ಕೆಳಗೆ ಗಟ್ಟಿ ಆಸರೆ ಕೊಡಿ.

---

ಸ್ಲೈಡ್63

ಅಳತೆ ಮಾಡಿದೆ. ಸ್ಲೈಡ್ ಎಳೆಯೋಕೆ ಇಡೀ ಉದ್ದಕ್ಕೂ 4 ಕೆಜಿ, ಏರಿಳಿತ ಇಲ್ಲ. ಬಿಡಿ ಸಿಲಿಂಡರ್ 0.3 ಬಾರ್‌ಗೆ ಹೊರಡುತ್ತೆ. ಜೋಡಿಸಿದ ಮೇಲೆ ಒಳತುದಿ 1.8, ನಡು 0.7, ಹೊರತುದಿ 0.5 ಬಾರ್. ಸೀಲ್ ಕೆಳಮಗ್ಗುಲಲ್ಲಿ ಸವೆದಿದೆ.

---

ಗಾಳಿಗಂಟು

4 ಕೆಜಿ ಅಂದರೆ 40 ನ್ಯೂಟನ್, 63 ಬೋರ್‌ನಲ್ಲಿ ಅದು 0.13 ಬಾರ್. ಸಿಲಿಂಡರ್‌ನ 0.3 ಸೇರಿಸಿದರೆ ಎಲ್ಲಾ ಕಡೆ 0.45 ಆಸುಪಾಸು ಬರಬೇಕಿತ್ತು. ಹೊರತುದಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಒಳತುದಿಯ 1.8ರಲ್ಲಿ ಉಳಿದ 1.35 ಪೂರ್ತಿ ಅಡ್ಡಬಲದ ಘರ್ಷಣೆ. ಅಂದರೆ ಸೆಂಟರ್ ಎತ್ತರ ತಪ್ಪಿದೆ, ಓರೆ ಕಡಿಮೆ. ಕೆಳಮಗ್ಗುಲು ಸವೆದಿದೆ ಅಂದರೆ ಪ್ಲೇಟ್ ರಾಡನ್ನು ಕೆಳಕ್ಕೆ ಒತ್ತುತ್ತಿದೆ, ಪ್ಲೇಟ್‌ನ ತೂತು ರಾಡ್‌ಗಿಂತ ಕೆಳಗಿದೆ. ಸಿಲಿಂಡರ್ ಫೂಟ್ ಕೆಳಗೆ ಹಳೇ ಶಿಮ್ (ಎತ್ತರ ಹೊಂದಿಸೋ ತೆಳು ತಗಡು) ಇದ್ದರೆ ತೆಗೆದು ನೋಡಿ.

---

ಫಿಟ್ಟರ್_ಫೈಲ್

ಈಗ ಜಾಯಿಂಟ್ ವಿಷಯಕ್ಕೆ ಬರೋಣ. ಒಳಗೆ ಇರೋದು ಇಷ್ಟೇ: ಒಂದು ಸ್ಟಡ್, ಅದರ ತಲೆ ಗುಂಡಗೆ. ಆ ತಲೆ ಒಂದು ಬಟ್ಟಲಲ್ಲಿ ಕೂತು ಓಲುತ್ತೆ, ಬಟ್ಟಲು ಚಪ್ಪಟೆ ಮುಖದ ಮೇಲೆ ಅಡ್ಡಕ್ಕೆ ಜಾರುತ್ತೆ. ಹೊರಗಿನ ಮುಚ್ಚಳ ಅದನ್ನು ಹಿಡಿದಿಟ್ಟಿರುತ್ತೆ, ಎಳೆಯುವಾಗ ಭಾರ ಬೀಳೋದು ಆ ಮುಚ್ಚಳದ ಥ್ರೆಡ್ ಮೇಲೆ. ಓಲೋದು ಕೆಲವೇ ಡಿಗ್ರಿ, ಜಾರೋದು ಈ ಸೈಜ್‌ನಲ್ಲಿ ಸಾಮಾನ್ಯವಾಗಿ 0.5ರಿಂದ 1 ಮಿಮೀ. ನಿಖರ ಅಂಕಿ ಕಂಪನಿಗೊಂದು ಥರ ಇರುತ್ತೆ, ಕ್ಯಾಟಲಾಗ್ ನೋಡಿಯೇ ತಗೊಳ್ಳಿ.

ಹಾಗಾಗಿ ಮೊದಲು ಶಿಮ್ ಹಾಕಿ ಸೆಂಟರ್ ಹೊಂದಿಸಿ, ಉಳಿದ ಚೂರುಪಾರು ತಪ್ಪನ್ನು ಮಾತ್ರ ಜಾಯಿಂಟ್‌ಗೆ ಬಿಡಿ. 1 ಮಿಮೀ ಜಾರೋ ಜಾಯಿಂಟನ್ನು 1 ಮಿಮೀ ಔಟ್ ಇರೋ ಕಡೆ ಹಾಕಿದರೆ ಅದು ಮೊದಲ ದಿನವೇ ಅಂಚಿಗೆ ತಾಗಿ ನಿಂತಿರುತ್ತೆ. ಆಗ ಅದೂ ಒಂದು ಬಿಗಿ ಥ್ರೆಡ್ಡೇ, ಬೆಲೆ ಮಾತ್ರ ಜಾಸ್ತಿ.

ಓರೆ ನೋಡೋದು ಹೀಗೆ. ರಾಡ್ ಬಿಡಿಸಿ ಪೂರ್ತಿ ಹೊರಕ್ಕೆ ಎಳೆಯಿರಿ. ಡಯಲ್ ಗೇಜ್‌ನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಸ್ಲೈಡ್ ಮೇಲೆ ಕೂರಿಸಿ, ಮೊನೆ ರಾಡ್‌ನ ಪಕ್ಕಕ್ಕೆ ತಾಗಿಸಿ, ಸ್ಲೈಡ್ ಸರಿಸುತ್ತಾ ಸಿಲಿಂಡರ್ ಮುಖದಿಂದ ರಾಡ್ ತುದಿವರೆಗೆ ಓದಿ. ಆಮೇಲೆ ಮೇಲ್ಮುಖದಲ್ಲೂ ಹಾಗೇ. ಮೇಲ್ಮುಖದ ಓದಿನಲ್ಲಿ ಒಂದು ಮೋಸ ಇದೆ: ಬುಷ್‌ನ ಪ್ಲೇಯಿಂದ ರಾಡ್ ತುದಿ ಜೋತು ಬಿದ್ದಿರುತ್ತೆ. ರಾಡ್ ಬಗ್ಗಿರಲ್ಲ, 20 ಮಿಮೀ ರಾಡ್ 300 ಉದ್ದಕ್ಕೆ ತನ್ನ ತೂಕಕ್ಕೆ ಬಾಗೋದು 0.015 ಮಿಮೀ ಅಷ್ಟೆ. ಆದರೆ ಪ್ಲೇ ತುದಿಯಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತೆ. ತುದಿಯನ್ನು ಬೆರಳಿಂದ ಮೇಲೆತ್ತಿ ಒಂದು ಓದು, ಕೆಳಗೊತ್ತಿ ಒಂದು ಓದು, ಎರಡರ ನಡು ತಗೊಳ್ಳಿ. 300 ಮಿಮೀಗೆ 0.1 ಒಳಗೆ ಬಂದರೆ ಸಾಕು.

ಸೈಜ್: ಐಎಸ್‌ಒ 15552ರಲ್ಲಿ 50, 63 ಎರಡಕ್ಕೂ ಎಂ16×1.5. 32ಕ್ಕೆ ಎಂ10×1.25, 40ಕ್ಕೆ ಎಂ12×1.25, 80 ಮತ್ತು 100ಕ್ಕೆ ಎಂ20×1.5, 125ಕ್ಕೆ ಎಂ27×2.

ಕೂರಿಸುವಾಗ ರಾಡ್ ತುದಿಯ ಚಪ್ಪಟೆಗೆ 17ರ ಸ್ಪ್ಯಾನರ್ ಹಿಡಿದು ಜಾಯಿಂಟ್ ತಿರುಗಿಸಿ. ಪೈಪ್ ರೆಂಚನ್ನು ರಾಡ್ ಹತ್ತಿರವೂ ತರಬೇಡಿ, ಕ್ರೋಮ್ ಮೇಲಿನ ಒಂದು ಹಲ್ಲಿನ ಗುರುತು ಹೊಸ ಸೀಲನ್ನು ಕೊಯ್ದುಬಿಡುತ್ತೆ. ರಾಡ್ ಹಿಡಿಯದೆ ಜಾಯಿಂಟ್ ತಿರುಗಿಸಿದರೆ ಒಳಗೆ ಪಿಸ್ಟನ್ ನಟ್ ಸಡಿಲವಾಗೋ ಸಾಧ್ಯತೆಯೂ ಇದೆ.

ಇದನ್ನು ತುಂಬಾ ಜನ ತಪ್ಪು ಮಾಡ್ತಾರೆ: ರಾಡನ್ನು ಜಾಯಿಂಟ್‌ನ ತಳ ಮುಟ್ಟೋವರೆಗೆ ತಿರುಗಿಸಿ ಚೆಕ್‌ನಟ್ ಬಿಗಿಯೋದು. ಕೆಲವು ಮಾಡೆಲ್‌ಗಳಲ್ಲಿ ರಾಡ್ ತುದಿ ನೇರವಾಗಿ ಬಟ್ಟಲನ್ನು ಒತ್ತಿ ಹಿಡಿಯುತ್ತೆ, ಓಲೋದೂ ಇಲ್ಲ ಜಾರೋದೂ ಇಲ್ಲ. ತಳ ಮುಟ್ಟಿದ ಮೇಲೆ ಒಂದೆರಡು ಸುತ್ತು ಹಿಂದೆ ಬಂದು ಚೆಕ್‌ನಟ್ ಬಿಗಿಯಿರಿ. ಹಿಂದೆ ಬಂದ ಮೇಲೂ ಕನಿಷ್ಠ 16 ಮಿಮೀ ಥ್ರೆಡ್ ಒಳಗಿರಬೇಕು. ಬಿಗಿದ ನಂತರ ಸ್ಟಡ್ ಹಿಡಿದು ಅಲ್ಲಾಡಿಸಿ, ಕೈಗೆ ಸಲೀಸಾಗಿ ಓಲಬೇಕು.

ಥ್ರೆಡ್ ಲಾಕರ್ ಹಾಕೋದಾದರೆ ಮಧ್ಯಮ ಬಲದ್ದು, ರಾಡ್‌ನ ಥ್ರೆಡ್‌ಗೆ ಎರಡು ಹನಿ. ಜಾಯಿಂಟ್‌ನ ತೂತಿಗೆ ಸುರಿದರೆ ಒಳಗೆ ಇಳಿದು ಗುಂಡನ್ನೇ ಅಂಟಿಸಿಬಿಡುತ್ತೆ.

---

ಸ್ಲೈಡ್63

ಜಾಯಿಂಟ್‌ಗೆ ಉದ್ದ ಬೇಕಲ್ಲ? ಪ್ಲೇಟ್ ಮತ್ತು ಸಿಲಿಂಡರ್ ಮುಖದ ನಡುವೆ ಅಷ್ಟು ಜಾಗ ಇಲ್ಲ.

---

ಬುಷ್_ಬದಿ

ಸಿಲಿಂಡರ್ ಹಿಂದಕ್ಕೆ ಸರಿಸಬೇಕು, ಫೂಟ್‌ಗೆ ಹೊಸ ತೂತು ಕೊರೆಯಬೇಕು. ಸರಿಸದೆ ಸ್ಲೈಡ್‌ನ ಸ್ಟಾಪರನ್ನೇ ಬದಲಿಸಿದರೆ ಪಿಸ್ಟನ್ ಕೊನೆಯವರೆಗೆ ಹೋಗೋದೇ ಇಲ್ಲ. ಕುಶನ್ (ತುದಿಯಲ್ಲಿ ವೇಗ ತಗ್ಗಿಸೋ ಗಾಳಿಯ ಮೆತ್ತೆ) ಕೆಲಸ ಮಾಡೋದು ಸ್ಟ್ರೋಕ್‌ನ ಕೊನೆಯ ಒಂದೆರಡು ಸೆಂಟಿಮೀಟರ್‌ನಲ್ಲಿ. ಅಲ್ಲಿಗೆ ತಲುಪದಿದ್ದರೆ ಸ್ಲೈಡ್ ಪೂರ್ತಿ ವೇಗದಲ್ಲೇ ಸ್ಟಾಪರ್‌ಗೆ ಹೊಡೆಯುತ್ತೆ. ಜಾಯಿಂಟ್‌ನ ಉದ್ದ ಎಷ್ಟೋ ಅಷ್ಟೇ ಸಿಲಿಂಡರ್ ಸರಿಸಿದರೆ ರೀಡ್ ಸ್ವಿಚ್ (ಪಿಸ್ಟನ್ ಎಲ್ಲಿದೆ ಅಂತ ತಿಳಿಸೋ ಸ್ವಿಚ್) ಮುಟ್ಟೋ ಕೆಲಸವೂ ಇಲ್ಲ.

ಹಿಂದೆಯೂ ಜಾಗ ಇಲ್ಲದಿದ್ದರೆ ಫ್ಲೇಂಜ್ ಥರದ್ದು ಸಿಗುತ್ತೆ. ಅದು ಗಿಡ್ಡ, ಪ್ಲೇಟ್‌ಗೆ ನಾಲ್ಕು ಬೋಲ್ಟ್‌ನಲ್ಲಿ ಕೂರುತ್ತೆ.

---

ಫಿಟ್ಟರ್_ಫೈಲ್

ಸ್ಟಡ್ ಇರೋ ಥರದ್ದನ್ನೇ ಹಾಕೋದಾದರೆ ಪ್ಲೇಟ್‌ನ ಟ್ಯಾಪ್ ಹೊಡೆದ ತೂತನ್ನು 18ಕ್ಕೆ ಕೊರೆದು, ಸ್ಟಡ್‌ಗೆ ಎರಡೂ ಕಡೆ ನಟ್ ಮತ್ತು ದಪ್ಪ ವಾಷರ್ ಹಾಕಿ. ನಟ್ ಸಡಿಲ ಇಟ್ಟು ರಾಡನ್ನು ಪೂರ್ತಿ ಒಳಗೆ ತಂದು, ಅಲ್ಲಿ ಬಿಗಿಯಿರಿ. ಒಳತುದಿಯಲ್ಲಿ ತಾನೆ ಕಚ್ಚೋದು? ಅಲ್ಲೇ ಸೆಂಟರ್ ತಾನಾಗಿ ಸಿಗಲಿ. ಆಮೇಲೆ ಹೊರತುದಿಗೆ ತಂದು ಸ್ಟಡ್ ಇನ್ನೂ ಓಲುತ್ತಾ ನೋಡಿ.

---

ಉದ್ಯಮಬಾಗ_ಎಣ್ಣಿ

ಒಂದ್ ಮಾತ್ರಿ. ಎಂ16 ಥ್ರೆಡ್ ಕೂತ್ತು ಅಂತ ಇದ ಜಾಯಿಂಟ್ ಒಯ್ದು ಹೈಡ್ರಾಲಿಕ್ ಸಿಲಿಂಡರ್‌ಗೆ ಹಾಕಬ್ಯಾಡ್ರಿ. 63 ಬೋರ್, 6 ಬಾರ್ ಗಾಳಿ ಅಂದ್ರ 190 ಕೆಜಿ ದೂಡತೈತಿ. ಅದ 63 ಬೋರ್‌ಗೆ 160 ಬಾರ್ ಎಣ್ಣಿ ಕೊಟ್ರ 49,900 ನ್ಯೂಟನ್, ಅಂದ್ರ 5 ಟನ್ ಹಂತ್ಯಾಕ. ಇಪ್ಪತ್ತಾರು-ಇಪ್ಪತ್ತೇಳು ಪಟ್ಟ ಹೆಚ್ಚ. ಎಳಿಯೂವಾಗ ಮುಚ್ಚಳದ ಥ್ರೆಡ್ ಕಿತ್ತು ಬರತೈತಿ. ಹೈಡ್ರಾಲಿಕ್‌ಗೆ ಬ್ಯಾರೇನ ರೇಟಿಂಗ್ ಇರೂದು ತಗೋರಿ.

ಇಲ್ಲಂದ್ರ ವರ್ಕ್‌ಶಾಪಿನಾಗ ಟಿ ಸ್ಲಾಟ್ ಕಪ್ಲಿಂಗ್ ಮಾಡ್ಕೋಬಹುದ್ರಿ. ರಾಡ್ ತುದಿಗೆ ಟೋಪಿ ಇದ್ದಂಗ ತಲಿ, ಸ್ಲೈಡಿಗೆ ಅದನ್ನ ನುಂಗೂ ಸ್ಲಾಟ್ ಬ್ಲಾಕ್. ಇಎನ್8 ಉಕ್ಕು ಸಾಕು, ತಲಿ ಮತ್ತ ಸ್ಲಾಟಿನ ಮುಖ ಹಾರ್ಡನ್ ಮಾಡ್ರಿ. ಉದ್ದಕ್ಕ ಪ್ಲೇ 0.1 ಮಿಮೀ, ಸುತ್ತಲೂ 1 ಮಿಮೀ. ದೂಡೂ ಮುಖ ಪೂರ್ತಿ ಚಪ್ಪಟಿ ಇರಬಾರ್ದು, ತುಸು ಉಬ್ಬಿರಬೇಕು. ಚಪ್ಪಟಿ ಇದ್ರ ಅಂಚಿಗೆ ಭಾರ ಬಿದ್ದು ರಾಡ್ ಬಗ್ಗತೈತಿ, ಮಾಡಿದ್ದೆಲ್ಲ ವ್ಯರ್ಥ.

---

ಸರ್ವೋ_ಸಂಜೆ

ಅಣ್ಣ, ಉದ್ದಕ್ಕೆ 0.1 ಪ್ಲೇ ಅಂದರೆ ನನಗೆ ಭಯ. ದಿಕ್ಕು ಬದಲಾದಾಗೆಲ್ಲ ಸುತ್ತಿಗೆ ಏಟು ಬಿದ್ದ ಹಾಗೆ ಅಲ್ವಾ?

---

ಉದ್ಯಮಬಾಗ_ಎಣ್ಣಿ

ಖರೆ ಐತ್ರಿ. ಅದಕ್ಕ ನಿಧಾನ ಓಡೂ ಪ್ರೆಸ್, ಕ್ಲ್ಯಾಂಪಿಗೆ ಅಷ್ಟ ಹೇಳೂದು. ನಿಮಿಷಕ್ಕ ಮೂವತ್ತ ಸಲ ಓಡೂ ಗಾಳಿ ಸ್ಲೈಡಿಗೆ ರೆಡಿ ಜಾಯಿಂಟ್ ಛಲೋ.

---

ಮೈಕ್ರಾನ್_ಮಾತು

ರೆಡಿ ಜಾಯಿಂಟ್‌ನಲ್ಲೂ ಪ್ಲೇ ಬೆಳೆಯುತ್ತೆ. ಹೊಸದರಲ್ಲಿ ಕೈಗೆ ಗೊತ್ತಾಗಲ್ಲ. ರಾಡ್ ಒತ್ತಡದಲ್ಲಿಟ್ಟು ಸ್ಲೈಡನ್ನು ಹಿಂದೆಮುಂದೆ ತಳ್ಳಿದಾಗ ಡಯಲ್‌ನಲ್ಲಿ 0.2 ದಾಟಿದರೆ ನಾನಾದರೆ ಬದಲಿಸ್ತೀನಿ. ಬೇಗ ಸವೆಯೋಕೆ ಮುಖ್ಯ ಕಾರಣ ತುದಿಯ ಏಟು. 20 ಕೆಜಿ ಸ್ಲೈಡ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿದ್ದರೆ 2.5 ಜೂಲ್. ಅದನ್ನು ಶಾಕ್ ಅಬ್ಸಾರ್ಬರ್ ನೇರವಾಗಿ ಸ್ಲೈಡ್‌ನಿಂದ ತಗೊಳ್ಳಬೇಕು. ಸಿಲಿಂಡರ್ ತನ್ನ ಕುಶನ್‌ನಿಂದ ಸ್ಲೈಡ್ ನಿಲ್ಲಿಸಿದರೆ ಆ ಏಟೆಲ್ಲಾ ಜಾಯಿಂಟ್‌ನ ಮುಚ್ಚಳದ ಮೂಲಕವೇ ಹಾದುಹೋಗುತ್ತೆ.

ಇನ್ನೊಂದು, ಜಾಯಿಂಟ್ ಹಾಕಿದ ಮೇಲೆ ರಾಡ್ ತುದಿ ಬಿಗಿ ಅಲ್ಲ. ಉದ್ದ ಸ್ಟ್ರೋಕ್‌ನಲ್ಲಿ ತಳ್ಳುವಾಗ ರಾಡ್ ಬಾಗಿ ಸೋಲೋ ಭಾರ, ಸೈದ್ಧಾಂತಿಕವಾಗಿ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. 63 ಬೋರ್ ಗಾಳಿಯಲ್ಲಿ ಇದು ಲೆಕ್ಕಕ್ಕಿಲ್ಲ. 1 ಮೀಟರ್ ಸ್ಟ್ರೋಕ್ ಇದ್ದರೂ 32,000 ನ್ಯೂಟನ್‌ವರೆಗೆ ತಾಳುತ್ತೆ. ಸಪೂರ ರಾಡಿನ ಹೈಡ್ರಾಲಿಕ್‌ನಲ್ಲಿ ಮಾತ್ರ ಲೆಕ್ಕ ಹಾಕದೆ ಬಿಡಬೇಡಿ.

---

ಸರ್ವೋ_ಸಂಜೆ

ಹಿಂದೆ ಕ್ಲೆವಿಸ್ (ಪಿನ್ ಮೇಲೆ ತಿರುಗೋ ಕವೆ), ಮುಂದೆ ಗುಂಡು ಬೇರಿಂಗ್‌ನ ರಾಡ್ ಐ ಹಾಕಿದರೆ ಜಾಯಿಂಟ್ ಯಾಕೆ ಬೇಕು?

---

ಬುಷ್_ಬದಿ

ಜಾಗ ಇದ್ದರೆ ಅದು ಒಳ್ಳೆಯದೇ. ಹಿಂದಿನ ಕ್ಲೆವಿಸ್‌ಗೂ ಗುಂಡು ಬೇರಿಂಗ್ ಇರಬೇಕು, ಸಾದಾ ಪಿನ್ ಒಂದು ದಿಕ್ಕಿಗೆ ಮಾತ್ರ ತಿರುಗುತ್ತೆ, ಇನ್ನೊಂದು ದಿಕ್ಕಿನಲ್ಲಿ ಜಗಳ ಉಳಿದೇ ಉಳಿಯುತ್ತೆ. ಅಡ್ಡ ಮಲಗಿರೋ ಉದ್ದ ಸಿಲಿಂಡರ್‌ನ ತೂಕ ಬುಷ್ ಮೇಲೆ ಬೀಳೋದನ್ನೂ ನೆನಪಿಡಿ. ಫೂಟ್ ಮೌಂಟಿಂಗ್ ಹಾಗೇ ಇಟ್ಟು ಮುಂದೆ ಮಾತ್ರ ರಾಡ್ ಐ ಹಾಕಿದರೆ ಪ್ರಯೋಜನ ಇಲ್ಲ. ಅದು ಓಲುತ್ತೆ, ಜಾರಲ್ಲ, ಸೆಂಟರ್ ಔಟ್ ಹಾಗೇ ಇರುತ್ತೆ. ಹಾಗೆಯೇ ಕಮಾನಿನಂತೆ ತಿರುಗೋ ಲಿವರ್‌ಗೆ ಫ್ಲೋಟಿಂಗ್ ಜಾಯಿಂಟ್ ಹಾಕೋದೂ ತಪ್ಪು.

ಎರಡು ಗೈಡ್ ರಾಡ್ ಇರೋ ಸಿಲಿಂಡರನ್ನು ಎಲ್‌ಎಂ ರೈಲ್ ಸ್ಲೈಡ್‌ಗೆ ನೇರ ಬೋಲ್ಟ್ ಮಾಡೋರೂ ಇದ್ದಾರೆ. ಅಲ್ಲಿ ಎರಡು ಗೈಡ್‌ಗಳ ಕುಸ್ತಿ, ಫ್ಲೇಂಜ್ ಜಾಯಿಂಟ್ ಬೇಕೇಬೇಕು.

---

ಸ್ಲೈಡ್63

ಫೂಟ್ ಕೆಳಗೆ 0.5ರ ಶಿಮ್ ಇತ್ತು, ತೆಗೆದೆ. ಬುಷ್ ಸಮೇತ ಮುಂದಿನ ಕ್ಯಾಪ್ ಹೊಸದು, ರಾಡ್‌ನಲ್ಲಿ ಗೀರು ಇಲ್ಲ. ಸಿಲಿಂಡರ್ ಹಿಂದಕ್ಕೆ ಸರಿಸಿ ಜಾಯಿಂಟ್ ಹಾಕಿದ ಮೇಲೆ ಒಳತುದಿ 0.5, ನಡು 0.45, ಹೊರತುದಿ 0.5 ಬಾರ್. ಜಿಗಿತ ನಿಂತಿದೆ. ಹೊಸ ಚೆಕ್‌ನಟ್ ಮಾತ್ರ ರಾಡ್ ಮೇಲೆ ಎರಡು ಸುತ್ತಿಗೇ ಬಿಗಿಯಾಗ್ತಿದೆ, ಹಳೇದನ್ನೇ ಹಾಕಿದ್ದೀನಿ. ರಾಡ್ ಥ್ರೆಡ್ ಹೋಗಿದೆಯಾ?

---

ಫಿಟ್ಟರ್_ಫೈಲ್

ರಾಡ್ ಚೆನ್ನಾಗಿದೆ, ನಟ್ ತಪ್ಪು. ಅಂಗಡಿಯಲ್ಲಿ ಎಂ16 ನಟ್ ಅಂತ ಕೇಳಿದರೆ ಕೊಡೋದು ಎಂ16×2. ರಾಡ್ ಇರೋದು 1.5 ಪಿಚ್. ಎರಡು ಸುತ್ತು ಕೈಯಲ್ಲೇ ಹೋಗುತ್ತೆ, ಅಲ್ಲಿಂದ ಸ್ಪ್ಯಾನರ್ ಹಾಕಿದರೆ ರಾಡ್ ಹಾಳು. ಪಿಚ್ ಗೇಜ್ ಇಟ್ಟು ನೋಡಿ, ಇಲ್ಲದಿದ್ದರೆ ಆ ನಟ್ ಸಲೀಸಾಗಿ ಕೂರೋ ಬೋಲ್ಟ್‌ನ ಹತ್ತು ಎಳೆ ಅಳೆಯಿರಿ: 15 ಮಿಮೀ ಬಂದರೆ ಸರಿಯಾದದ್ದು, 20 ಬಂದರೆ ಅಂಗಡಿಗೆ ವಾಪಸ್.